ಸೈಕಲ್ ಮಾತ್ರ ನೀಲಿ, ಮಿಕ್ಕಿದ್ದೆಲ್ಲ ಕಪ್ಪು-ಬಿಳುಪು: ಸ್ಟಿಕ್ಕರ್ ಅಂಟಿಸಿದ ಹಾಗೆ ಯಾಕೆ ಕಾಣುತ್ತಿದೆ?

ಮಸುಕು_ಫೋಕಸ್

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಒಂದೇ ಫೋಟೋ ಹಿಡಿದುಕೊಂಡು ಕೂತಿದ್ದೇನೆ. ಮಳೆ ನಿಂತು ಬಿಸಿಲು ಬಂದಾಗ ತೆಗೆದದ್ದು. ಇಟ್ಟಿಗೆ ಗೋಡೆಗೆ ಒರಗಿಸಿದ ನೀಲಿ ಸೈಕಲ್, ಪಕ್ಕದಲ್ಲಿ ಜೀನ್ಸ್ ಹಾಕಿಕೊಂಡು ನಿಂತ ನನ್ನ ತಮ್ಮ, ಮುಂದೆ ರಸ್ತೆಯಲ್ಲಿ ನಿಂತ ನೀರು. ಸೈಕಲ್ ಮಾತ್ರ ಬಣ್ಣದಲ್ಲಿ ಉಳಿದು ಮಿಕ್ಕಿದ್ದು ಕಪ್ಪು-ಬಿಳುಪು ಆಗಬೇಕು ಅಂತ ನನ್ನ ಆಸೆ.

ಮೊದಲು ಫೋನಿನಲ್ಲಿ ಮಾಡಿದೆ. ನೀಲಿ ಒಂದನ್ನು ಬಿಟ್ಟು ಎಲ್ಲ ಬಣ್ಣದ ಸ್ಯಾಚುರೇಶನ್ (ಬಣ್ಣದ ಗಾಢತೆ) ಪೂರ್ತಿ ಕೆಳಗೆ ಎಳೆದೆ. ಜೀನ್ಸ್ ಕೂಡ ನೀಲಿಯಾಗಿ ಉಳಿಯಿತು. ಅದು ನಿರೀಕ್ಷೆ ಇದ್ದದ್ದೇ. ಆದರೆ ರಸ್ತೆ ಮೇಲೆ, ತಮ್ಮನ ನೆರಳಿನಲ್ಲಿ, ಗೋಡೆಯ ಬುಡದಲ್ಲಿ ಎಲ್ಲ ಶಾಯಿ ಚೆಲ್ಲಿದ ಹಾಗೆ ಕೊಳಕು ನೀಲಿ ಕಲೆಗಳು. ರಸ್ತೆ ಬೂದು ಬಣ್ಣದ್ದು, ಅಲ್ಲಿ ನೀಲಿ ಎಲ್ಲಿಂದ ಬಂತು?

ಆಮೇಲೆ ಕಂಪ್ಯೂಟರಿನಲ್ಲಿ ಗಿಂಪ್ ಅನ್ನುವ ಫೋಟೋ ತಿದ್ದುವ ಸಾಫ್ಟ್‌ವೇರ್ ತೆರೆದು ಲೇಯರ್ (ಚಿತ್ರದ ಪದರ) ನಕಲು ಮಾಡಿ, ಮೇಲಿನದನ್ನು ಕಪ್ಪು-ಬಿಳುಪು ಮಾಡಿ, ಸೈಕಲ್ ಇರುವ ಕಡೆ ಇರೇಸರ್‌ನಿಂದ ಒರೆಸಿದೆ. ಎರಡು ಗಂಟೆ ಹಿಡಿಯಿತು. ಈಗ ಕಲೆ ಇಲ್ಲ, ಆದರೆ ಸೈಕಲ್ ಸುತ್ತ ಕಪ್ಪು ಗೆರೆ ಕಾಣುತ್ತದೆ. ಪೇಪರಿನಿಂದ ಕತ್ತರಿಸಿ ಅಂಟಿಸಿದ ಸ್ಟಿಕ್ಕರ್ ಥರ. ಚಕ್ರದ ಕಡ್ಡಿಗಳ ನಡುವಿನ ಇಟ್ಟಿಗೆ ಕೆಂಪಗೆ ಇಣುಕುತ್ತಿದೆ. ಎಲ್ಲಿ ತಪ್ಪಿದೆ ಹೇಳಿ.

ಫೋನ್‌ಫೋಟೋ

ಇಷ್ಟಕ್ಕೆಲ್ಲ ಕಂಪ್ಯೂಟರ್ ಯಾಕೆ? ಸ್ನ್ಯಾಪ್‌ಸೀಡ್ ಆ್ಯಪ್‌ನಲ್ಲಿ ಐದು ನಿಮಿಷದ ಕೆಲಸ. ಬ್ಲ್ಯಾಕ್ ಅಂಡ್ ವೈಟ್ ಹಾಕಿ ಟಿಕ್ ಒತ್ತಿ. ಆಮೇಲೆ ವ್ಯೂ ಎಡಿಟ್ಸ್‌ಗೆ ಹೋಗಿ ಆ ಹೆಜ್ಜೆಯನ್ನು ಮುಟ್ಟಿದರೆ ಬ್ರಶ್ ಐಕಾನ್ ಬರುತ್ತದೆ. ಬೆರಳಾಡಿಸಿದ ಕಡೆ ಮಾತ್ರ ಕಪ್ಪು-ಬಿಳುಪು ಬೀಳುತ್ತದೆ. ಬಣ್ಣ ಉಳಿಯಬೇಕಾದದ್ದು ಸಣ್ಣದಾದರೆ ಮೊದಲು ಇನ್ವರ್ಟ್ ಒತ್ತಿ ಎಲ್ಲ ತುಂಬಿಸಿ, ಬ್ರಶ್‌ನ ಬಲ 0ಗೆ ಇಟ್ಟು ಸೈಕಲ್ ಮೇಲೆ ಒರೆಸಿ. ಆವೃತ್ತಿ ಬದಲಾದ ಹಾಗೆ ಐಕಾನ್‌ಗಳ ಜಾಗ ಬದಲಾಗುತ್ತದೆ, ಹುಡುಕಿಕೊಳ್ಳಿ.

ಒಂದು ಗುಟ್ಟು. ಅಲ್ಲಿ ಬ್ರಶ್ ಸೈಜ್ ಬದಲಾಯಿಸುವ ಸ್ಲೈಡರ್ ಹುಡುಕಬೇಡಿ. ಫೋಟೋ ಜೂಮ್ ಮಾಡಿದಷ್ಟೂ ಬ್ರಶ್ ಸಣ್ಣದಾದ ಹಾಗೆ.

ಹಳೇಕ್ಯಾಮೆರಾ

ಅಯ್ಯೋ, ಇದಿನ್ನೂ ಸತ್ತಿಲ್ಲವಾ? ಹದಿನೈದು ವರ್ಷದ ಹಿಂದೆ ಪ್ರತಿ ಆಲ್ಬಮ್‌ನಲ್ಲೂ ಒಂದು ಕಪ್ಪು-ಬಿಳುಪು ಪುಟ, ಅದರಲ್ಲಿ ಒಂದು ಕೆಂಪು ಗುಲಾಬಿ. ನೋಡಿ ನೋಡಿ ಸಾಕಾಗಿತ್ತು. ಕ್ಯಾಮೆರಾದವರೂ ಬಿಡಲಿಲ್ಲ. ಕ್ಯಾನನ್‌ನಲ್ಲಿ ಕಲರ್ ಆಕ್ಸೆಂಟ್, ನಿಕಾನ್‌ನಲ್ಲಿ ಸೆಲೆಕ್ಟಿವ್ ಕಲರ್, ಸೋನಿಯಲ್ಲಿ ಪಾರ್ಷಿಯಲ್ ಕಲರ್. ಹೆಸರು ಬೇರೆ, ಆಟ ಒಂದೇ. ಅದರಲ್ಲಿ ಜೆಪೆಗ್ ಮಾತ್ರ ತೆಗೆದು ಮೂಲ ಬಣ್ಣ ಕಳೆದುಕೊಂಡು ಪಶ್ಚಾತ್ತಾಪ ಪಟ್ಟವರಲ್ಲಿ ನಾನೂ ಒಬ್ಬ, ಒಪ್ಪಿಕೊಳ್ಳುತ್ತೇನೆ.

ಎಂಟುಬಿಟ್

@ಮಸುಕು_ಫೋಕಸ್, ನಿಮ್ಮ ಕಲೆಗಳ ಕಥೆ ಹೇಳುತ್ತೇನೆ. ರಸ್ತೆ ಬೂದು ಅಂತ ನಿಮ್ಮ ಕಣ್ಣು ಹೇಳುತ್ತದೆ, ಕ್ಯಾಮೆರಾ ಹಾಗೆ ಹೇಳುವುದಿಲ್ಲ. ನೆರಳಿಗೆ ನೇರ ಬಿಸಿಲು ಬೀಳಲ್ಲ. ಅಲ್ಲಿಗೆ ಬೆಳಕು ಬರುವುದು ಆಕಾಶದಿಂದ, ಆಕಾಶ ನೀಲಿ. ಬೆಳಕಿನ ಬಣ್ಣ ಅಳೆಯುವ ಕೆಲ್ವಿನ್ ಲೆಕ್ಕದಲ್ಲಿ (ಸಂಖ್ಯೆ ಏರಿದಷ್ಟೂ ನೀಲಿ) ಬಿಸಿಲು ಸುಮಾರು 5500 ಇದ್ದರೆ ನೆರಳು 7000 ದಾಟಿರುತ್ತದೆ. ಬಿಸಿಲಿಗೆ ಸರಿಯಾಗಿ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವ ಹೊಂದಿಕೆ) ಇಟ್ಟರೆ ನೆರಳೆಲ್ಲ ತುಸು ನೀಲಿ. ಪೂರ್ತಿ ಬಣ್ಣದ ಫೋಟೋದಲ್ಲಿ ಮಿದುಳು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸುತ್ತಲಿನ ಬಣ್ಣ ತೆಗೆದುಬಿಟ್ಟರೆ ಅದೇ ನೀಲಿ ಎದ್ದು ಕೂರುತ್ತದೆ. ನೀವು ಕಲೆ ಹಾಕಲಿಲ್ಲ, ಇದ್ದದ್ದು ಬಯಲಾಯಿತು ಅಷ್ಟೇ.

ಫೈಲ್ ರಾ (ಕ್ಯಾಮೆರಾದ ಕಚ್ಚಾ ಮಾಹಿತಿ) ಆಗಿತ್ತಾ, ಹಿಂಡಿ ಸಣ್ಣ ಮಾಡಿದ ಜೆಪೆಗ್ಗಾ?

ಮಸುಕು_ಫೋಕಸ್

ಜೆಪೆಗ್. ಅದೂ ತಮ್ಮನ ಫೋನಿನಲ್ಲಿ ತೆಗೆದು ಮೆಸೇಜಿನಲ್ಲಿ ಕಳಿಸಿದ್ದು.

ಎಂಟುಬಿಟ್

ಹಾಗಾದರೆ ಮೊದಲ ಕೆಲಸ, ಮೂಲ ಫೈಲ್ ತರಿಸಿಕೊಳ್ಳಿ. ಮೆಸೇಜಿನಲ್ಲಿ ಫೋಟೋ ಥರ ಕಳಿಸಬಾರದು, ಡಾಕ್ಯುಮೆಂಟ್ ಥರ ಕಳಿಸಲು ಹೇಳಿ.

ಯಾಕೆ ಅಂದರೆ, ಸಾಮಾನ್ಯ ಜೆಪೆಗ್‌ನಲ್ಲಿ ಬೆಳಕಿನ ಮಾಹಿತಿ ಪ್ರತಿ ಪಿಕ್ಸೆಲ್‌ಗೂ ಇರುತ್ತದೆ, ಬಣ್ಣದ ಮಾಹಿತಿ ಇರಲ್ಲ. 4:2:0 ಅನ್ನುವ ಪದ್ಧತಿಯಲ್ಲಿ 2×2 ಅಂದರೆ ನಾಲ್ಕು ಪಿಕ್ಸೆಲ್‌ಗೆ ಒಂದೇ ಬಣ್ಣ ಹಂಚಿರುತ್ತಾರೆ. ಕಣ್ಣಿಗೆ ಬೆಳಕಿನ ಸೂಕ್ಷ್ಮ ಗೊತ್ತಾಗುವಷ್ಟು ಬಣ್ಣದ ಸೂಕ್ಷ್ಮ ಗೊತ್ತಾಗಲ್ಲ, ಅದಕ್ಕೇ ನಡೆಯುತ್ತದೆ. ಮೇಲಿಂದ ಎಲ್ಲವನ್ನೂ 8×8ರ ಚೌಕಗಳಲ್ಲಿ ಹಿಂಡುತ್ತಾರೆ. ಬಣ್ಣ ಅರ್ಧಕ್ಕೆ ಇಳಿದಿರುವುದರಿಂದ ಬಣ್ಣದ ಒಂದು ಚೌಕ ಫೋಟೋದಲ್ಲಿ 16×16 ಪಿಕ್ಸೆಲ್ ಜಾಗ ತಿನ್ನುತ್ತದೆ. ನಿಮ್ಮ ಸೈಕಲ್ಲಿನ ಬ್ರೇಕ್ ಕೇಬಲ್ ಮೂರು-ನಾಲ್ಕು ಪಿಕ್ಸೆಲ್ ದಪ್ಪ ಇರಬಹುದು. ಅದರ ನೀಲಿ ಗೋಡೆಗೆ, ಗೋಡೆಯ ಕೆಂಪು ಅದಕ್ಕೆ ಬೆರೆತುಹೋಗಿರುತ್ತದೆ. 400% ಜೂಮ್ ಮಾಡಿ ನೋಡಿ, ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಎರಡನೇ ಸಲ ಕಂಪ್ರೆಸ್ ಆದರೆ ಕೇಳಲೇಬೇಡಿ.

ಪದರಗಿತ್ತಿ

ಮೊದಲು ಆ ಇರೇಸರ್ ಪಕ್ಕಕ್ಕಿಡಿ ಮಾರಾಯ್ರೆ. ಒರೆಸಿದ್ದು ಹೋಯಿತು, ಮತ್ತೆ ಬರಲ್ಲ. ಲೇಯರ್ ಮಾಸ್ಕ್ ಬಳಸಿ. ಮೇಲಿನ ಕಪ್ಪು-ಬಿಳುಪು ಲೇಯರ್ ಮೇಲೆ ರೈಟ್ ಕ್ಲಿಕ್, ಆಡ್ ಲೇಯರ್ ಮಾಸ್ಕ್, ವೈಟ್. ಮಾಸ್ಕ್ ಮೇಲೆ ಕಪ್ಪು ಬಳಿದರೆ ಮೇಲಿನದು ಮರೆಯಾಗಿ ಕೆಳಗಿನ ಬಣ್ಣ ಕಾಣುತ್ತದೆ. ಬಿಳಿ ಬಳಿದರೆ ವಾಪಸ್. ಬೂದು ಬಳಿದರೆ ಅರ್ಧಂಬರ್ಧ. ಎಕ್ಸ್ ಒತ್ತಿದರೆ ಕಪ್ಪು-ಬಿಳಿ ಅದಲು ಬದಲು, ಚೌಕ ಬ್ರ್ಯಾಕೆಟ್‌ಗಳಿಂದ ಬ್ರಶ್ ಸಣ್ಣದು ದೊಡ್ಡದು. ಆಲ್ಟ್ ಹಿಡಿದು ಮಾಸ್ಕ್ ಚಿತ್ರದ ಮೇಲೆ ಕ್ಲಿಕ್ ಮಾಡಿದರೆ ಮಾಸ್ಕ್ ಒಂದೇ ಕಾಣುತ್ತದೆ. ಎಲ್ಲಿ ಬಳಿಯದೆ ಬಿಟ್ಟಿದ್ದೀರಿ ಅಂತ ಆಗ ಗೊತ್ತಾಗುತ್ತದೆ.

ಇನ್ನು ನಿಮ್ಮ ಎರಡು ಗಂಟೆಯ ವಿಚಾರ. ಕಡ್ಡಿ ಕಡ್ಡಿ ಸುತ್ತ ಕೈಯಲ್ಲಿ ಬಳಿಯುವುದು ಹುಚ್ಚು. ಬರೀ ಬಣ್ಣ ನೋಡಿ ಆರಿಸಿದರೆ ನೆರಳು, ಜೀನ್ಸ್ ಎಲ್ಲ ಬರುತ್ತದೆ. ಬರೀ ಕೈಯಲ್ಲಿ ಬಳಿದರೆ ಅಂಚು ಕೆಡುತ್ತದೆ. ಎರಡನ್ನೂ ಕೂಡಿಸಿ. ನಾನು ಮಾಡುವುದು ಹೀಗೆ.

ಕೆಳಗಿನ ಬಣ್ಣದ ಲೇಯರ್‌ಗೆ ಹ್ಯೂ-ಸ್ಯಾಚುರೇಶನ್ ತೆರೆಯಿರಿ. ಅಲ್ಲಿ ಆರು ಬಣ್ಣಗಳ ಗುಂಪು ಇರುತ್ತದೆ: ಕೆಂಪು, ಹಳದಿ, ಹಸಿರು, ಸಯಾನ್, ನೀಲಿ, ಮೆಜೆಂಟಾ. ಕೆಂಪು, ಹಳದಿ, ಹಸಿರು, ಮೆಜೆಂಟಾ ನಾಲ್ಕನ್ನೂ ಒಂದೊಂದಾಗಿ -100ಕ್ಕೆ ಎಳೆಯಿರಿ. ನೀಲಿ, ಸಯಾನ್ ಮುಟ್ಟಬೇಡಿ. ನೀಲಿ ಬಣ್ಣದ ಲೋಹದ ಮೇಲೆ ಬೆಳಕು ಬಿದ್ದ ಕಡೆ ಅದು ಸಯಾನ್ ಕಡೆಗೆ ವಾಲಿರುತ್ತದೆ, ಅದನ್ನು ತೆಗೆದರೆ ಹೊಳಪು ಸತ್ತು ಬೂದಿ ಬಳಿದ ಹಾಗಾಗುತ್ತದೆ. ಅಂಚು ಕಟುವಾಗಿದ್ದರೆ ಓವರ್‌ಲ್ಯಾಪ್ (ಅಕ್ಕಪಕ್ಕದ ಬಣ್ಣದ ಗುಂಪುಗಳು ಬೆರೆಯುವ ಪ್ರಮಾಣ) ಸ್ವಲ್ಪ ಜಾಸ್ತಿ ಮಾಡಿ.

ಈಗ ಕೆಳಗಿನ ಲೇಯರ್‌ನಲ್ಲಿ ಇಟ್ಟಿಗೆಯ ಕೆಂಪು ಇಲ್ಲವೇ ಇಲ್ಲ. ಹಾಗಾಗಿ ಮೇಲಿನ ಲೇಯರಿನ ಮಾಸ್ಕ್‌ನಲ್ಲಿ ಸೈಕಲ್ ಸುತ್ತ ಧಾರಾಳವಾಗಿ ಕಪ್ಪು ಬಳಿಯಿರಿ. ಒಂದು ಬೆರಳಗಲ ಹೊರಗೆ ಹೋದರೂ ಪರವಾಗಿಲ್ಲ. ಕಡ್ಡಿಗಳ ನಡುವೆ ಇಣುಕುವುದಕ್ಕೆ ಬಣ್ಣವೇ ಉಳಿದಿಲ್ಲವಲ್ಲ. ಜಾಗ್ರತೆ ಬೇಕಾದದ್ದು ಸೈಕಲ್ ಜೀನ್ಸಿಗೆ ತಾಗುವ ಕಡೆ, ನೆರಳು ತಾಗುವ ಕಡೆ ಮಾತ್ರ. ಅಲ್ಲೂ ಒಂದು ಮಾತು. ಫೋಕಸ್ ಇರುವ ಅಂಚಿಗೆ ಗಟ್ಟಿ ಬ್ರಶ್, ಮಸುಕಾದ ಅಂಚಿಗೆ ಮೆತ್ತನೆಯ ಬ್ರಶ್. ಇಡೀ ಫೋಟೋಗೆ ಒಂದೇ ಬ್ರಶ್ ಬಳಸಿದರೆ ಕತ್ತರಿಸಿದ ಹಾಗೇ ಕಾಣುತ್ತದೆ.

ಅಂದ ಹಾಗೆ, ನೀರಿನಲ್ಲಿ ಸೈಕಲ್ಲಿನ ಬಿಂಬ ಬಿದ್ದಿದೆಯಾ?

ಮಸುಕು_ಫೋಕಸ್

ಬಿದ್ದಿದೆ! ಮುಂದಿನ ಚಕ್ರ, ಹ್ಯಾಂಡಲ್ ಅರ್ಧ. ಅದನ್ನು ಬೂದು ಮಾಡಿದ್ದೆ. ರಸ್ತೆ ಅಲ್ಲವಾ ಅದು ಅಂತ.

ಪದರಗಿತ್ತಿ

ಸ್ಟಿಕ್ಕರ್ ಥರ ಕಾಣುವುದಕ್ಕೆ ಅರ್ಧ ಕಾರಣ ಸಿಕ್ಕಿತು. ನೀಲಿ ಸೈಕಲ್ಲಿಗೆ ಬೂದು ಬಿಂಬ ಎಲ್ಲಾದರೂ ಉಂಟಾ? ನೋಡುವವರಿಗೆ ಏನು ತಪ್ಪಾಗಿದೆ ಅಂತ ಹೇಳಲು ಬರಲ್ಲ, ಆದರೆ ಏನೋ ಸರಿಯಿಲ್ಲ ಅನಿಸುತ್ತದೆ. ಬಿಂಬಕ್ಕೂ ಬಣ್ಣ ಬಿಡಿ, ಆದರೆ ಪೂರ್ತಿ ಬೇಡ. ಮಾಸ್ಕ್‌ನಲ್ಲಿ ಕಪ್ಪಿನ ಬದಲು ಗಾಢ ಬೂದು ಬಳಿಯಿರಿ. ಗೋಡೆಗೆ ಸೈಕಲ್ ಒರಗಿದ ಜಾಗದಲ್ಲಿ ಇಟ್ಟಿಗೆ ಮೇಲೆ ನೀಲಿ ಛಾಯೆ ಬಿದ್ದಿದ್ದರೆ ಅದೂ ಹತ್ತು ಪರ್ಸೆಂಟ್ ಉಳಿಯಲಿ. ಬಣ್ಣದ ವಸ್ತು ತನ್ನ ಸುತ್ತ ಬಣ್ಣ ಚೆಲ್ಲುತ್ತದೆ. ಅದನ್ನು ಒರೆಸಿ ಹಾಕಿದರೆ ವಸ್ತು ಆ ಜಾಗಕ್ಕೆ ಸೇರಿದ್ದೇ ಅಲ್ಲ ಅನ್ನುವ ಹಾಗಾಗುತ್ತದೆ.

ರಾತ್ರಿಪಾಳಿ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಫೋಟೋಶಾಪ್‌ನಲ್ಲಿ ಸೆಲೆಕ್ಟಿವ್ ಕಲರ್ ಅಂತಲೇ ಒಂದು ಅಡ್ಜಸ್ಟ್‌ಮೆಂಟ್ ಇದೆ. ಅದನ್ನು ತೆರೆದರೆ ಸಯಾನ್, ಮೆಜೆಂಟಾ, ಹಳದಿ, ಕಪ್ಪು ಅಂತ ನಾಲ್ಕು ಸ್ಲೈಡರ್. ಅರ್ಧ ಗಂಟೆ ಎಳೆದಾಡಿದೆ, ಫೋಟೋ ಕಪ್ಪು-ಬಿಳುಪು ಆಗಲೇ ಇಲ್ಲ. ನನ್ನ ಸಾಫ್ಟ್‌ವೇರ್ ಕೆಟ್ಟಿದೆಯಾ?

ಪದರಗಿತ್ತಿ

ಹ್ಹ ಹ್ಹ, ಇಲ್ಲ. ಹೆಸರು ಒಂದೇ, ಕೆಲಸ ಬೇರೆ. ಅದು ಮುದ್ರಣದವರ ಶಾಯಿ ಲೆಕ್ಕದಿಂದ ಬಂದದ್ದು. ಕೆಂಪು ಭಾಗದಲ್ಲಿ ಮಾತ್ರ ಸಯಾನ್ ಕಡಿಮೆ ಮಾಡು, ಹಸಿರಿನಲ್ಲಿ ಹಳದಿ ಸ್ವಲ್ಪ ಸೇರಿಸು, ಹೀಗೆ ಬಣ್ಣ ತಿದ್ದುವುದಕ್ಕೆ. ನಿಮಗೆ ಬೇಕಾದದ್ದು ಬ್ಲ್ಯಾಕ್ ಅಂಡ್ ವೈಟ್ ಅಡ್ಜಸ್ಟ್‌ಮೆಂಟ್ ಲೇಯರ್, ಜೊತೆಗೆ ಬರುವ ಮಾಸ್ಕ್. ಮಾಸ್ಕ್ ತಿರುಗಿಸಲು ಕಂಟ್ರೋಲ್ ಮತ್ತು ಐ.

ಬೂದುಬಣ್ಣ

ಎಲ್ಲರೂ ಬಣ್ಣದ ಬಗ್ಗೆಯೇ ಮಾತಾಡುತ್ತಿದ್ದೀರಿ. ಆ ಕಪ್ಪು ಗೆರೆ ಎಲ್ಲಿಂದ ಬಂತು ಅಂತ ಯಾರೂ ಹೇಳಲಿಲ್ಲ. ಮಸುಕು ಅವರೇ, ಗಿಂಪ್‌ನಲ್ಲಿ ಕಪ್ಪು-ಬಿಳುಪು ಮಾಡುವಾಗ ಡೀಸ್ಯಾಚುರೇಟ್‌ನ ಯಾವ ಮೋಡ್ ಇತ್ತು?

ಮಸುಕು_ಫೋಕಸ್

ಮೋಡ್ ಇದೆಯಾ? ಸುಮ್ನೆ ಓಕೆ ಒತ್ತಿದೆ. ಈಗ ನೋಡಿದೆ, ಲೂಮಾ ಅಂತ ಇದೆ.

ಬೂದುಬಣ್ಣ

ಅಲ್ಲೇ ಇರುವುದು ವಿಷಯ. ಒಂದು ಹೊಸ ಫೈಲ್ ತೆರೆದು ಪೂರ್ತಿ ಶುದ್ಧ ನೀಲಿ ತುಂಬಿ. ಕೆಂಪು 0, ಹಸಿರು 0, ನೀಲಿ 255. ಈಗ ಒಂದೊಂದೇ ಮೋಡ್ ಹಾಕಿ ನೋಡಿ. ಲೂಮಾ ಹಾಕಿದರೆ 20ಕ್ಕಿಂತ ಕೆಳಗೆ ಬರುತ್ತದೆ, ಅಂದರೆ ಹೆಚ್ಚುಕಡಿಮೆ ಕಪ್ಪು. ಆವರೇಜ್ ಹಾಕಿದರೆ 85. ಲೈಟ್‌ನೆಸ್ ಹಾಕಿದರೆ 128, ನಡು ಬೂದು. ವ್ಯಾಲ್ಯೂ ಹಾಕಿದರೆ 255, ಬಿಳಿ! ಒಂದೇ ನೀಲಿ, ನಾಲ್ಕು ಉತ್ತರ.

ಕಾರಣ ಕಣ್ಣಿನದ್ದು. ಹಸಿರು ನಮಗೆ ತುಂಬ ಬೆಳ್ಳಗೆ ಕಾಣುತ್ತದೆ, ನೀಲಿ ತುಂಬ ಕತ್ತಲು. ಹೈ ಡೆಫಿನಿಷನ್ ಟಿವಿಯ 709 ಮಾನದಂಡದಲ್ಲಿ ತೂಕ ಹೀಗಿದೆ: ಕೆಂಪಿಗೆ 0.2126, ಹಸಿರಿಗೆ 0.7152, ನೀಲಿಗೆ ಬರೀ 0.0722. ಲೂಮಾ ಹೆಚ್ಚುಕಡಿಮೆ ಇದೇ ತೂಕ ಹಾಕುತ್ತದೆ. ಹಾಗಾಗಿ ನಿಮ್ಮ ನೀಲಿ ಸೈಕಲ್ ಮೇಲಿನ ಲೇಯರಿನಲ್ಲಿ ಕಪ್ಪು ಸೈಕಲ್ ಆಗಿ ಕೂತಿದೆ. ನೀವು ಒರೆಸುವಾಗ ಅಂಚಿನಲ್ಲಿ ಎರಡು ಪಿಕ್ಸೆಲ್ ಉಳಿಯಿತು. ಆ ಎರಡು ಪಿಕ್ಸೆಲ್ಲೇ ನಿಮ್ಮ ಕಪ್ಪು ಗೆರೆ.

ಪರಿಹಾರ ಸುಲಭ. ಡೀಸ್ಯಾಚುರೇಟ್ ಬದಲು ಅದೇ ಮೆನುವಿನಲ್ಲಿರುವ ಮೋನೋ ಮಿಕ್ಸರ್ ತೆರೆಯಿರಿ. ನೀಲಿ ಚಾನೆಲ್ ಏರಿಸಿ, ಹಸಿರು ಇಳಿಸಿ. ಸೈಕಲ್ ನಡು ಬೂದು ಆಗುವ ತನಕ. ಆಗ ಅಂಚಿನಲ್ಲಿ ಒಂದೆರಡು ಪಿಕ್ಸೆಲ್ ಉಳಿದರೂ ಕಣ್ಣಿಗೆ ಬೀಳಲ್ಲ. ಆದರೆ ನೀಲಿ ಚಾನೆಲ್‌ನಲ್ಲಿ ಕಾಳು ಕಾಳು ಜಾಸ್ತಿ ಇರುತ್ತದೆ, ಅದರಲ್ಲೂ ಫೋನ್ ಫೋಟೋದಲ್ಲಿ. ಮಿತಿ ಮೀರಬೇಡಿ. ಇಟ್ಟಿಗೆ ಗೋಡೆ ಕಪ್ಪಾಗುತ್ತದೆ, ತಮ್ಮನ ಮುಖವೂ ಕಪ್ಪಾಗುತ್ತದೆ. ಚರ್ಮ ಕೆಂಪು-ಕಿತ್ತಳೆ ಕಡೆಯದ್ದು, ನೀಲಿಯಲ್ಲಿ ಅದು ಕತ್ತಲು. ಮುಖಕ್ಕೆ ಬೇರೆ ಮಿಕ್ಸ್, ಬೇರೆ ಲೇಯರ್ ಮಾಡಿ.

ನನ್ನ ಅಭಿಪ್ರಾಯ ಕೇಳಿದರೆ, ಈ ಕೆಲಸದಲ್ಲಿ ಮುಕ್ಕಾಲು ಪಾಲು ಬೂದಿನದ್ದೇ. ಮೊದಲು ಸೈಕಲ್ ಸಮೇತ ಪೂರ್ತಿ ಕಪ್ಪು-ಬಿಳುಪು ಮಾಡಿ ಒಂದು ದಿನ ನೋಡಿ. ಹಾಗೆಯೇ ಚೆನ್ನಾಗಿದೆ ಅನಿಸಿದರೆ ಆಮೇಲೆ ಬಣ್ಣ ತನ್ನಿ. ಬೂದಿನಲ್ಲಿ ಸಪ್ಪೆಯಾಗಿರುವ ಫೋಟೋಗೆ ಒಂದು ಬಣ್ಣ ಸೇರಿಸಿದರೆ ಸಪ್ಪೆ ಫೋಟೋದಲ್ಲಿ ಒಂದು ಬಣ್ಣ ಇರುತ್ತದೆ, ಅಷ್ಟೇ.

ಹಳೇಕ್ಯಾಮೆರಾ

@ಬೂದುಬಣ್ಣ ಹೇಳಿದ್ದಕ್ಕೆ ನನ್ನ ಎರಡೂ ಕೈ ಎತ್ತಿದೆ. ನನ್ನ ಸಿಟ್ಟು ತಂತ್ರದ ಮೇಲಲ್ಲ. ಇದು ಕಂಪ್ಯೂಟರ್ ತಂದ ರೋಗವೂ ಅಲ್ಲ. ಬಣ್ಣದ ಫೋಟೋ ಇಲ್ಲದ ಕಾಲದಲ್ಲಿ, 1840ರ ದಶಕದಿಂದಲೇ, ಕಪ್ಪು-ಬಿಳುಪಿನ ಮೇಲೆ ಕೈಯಲ್ಲಿ ಬಣ್ಣ ಹಚ್ಚುತ್ತಿದ್ದರು. ಕೆನ್ನೆಗೆ ಒಂಚೂರು ಕೆಂಪು, ಒಡವೆಗೆ ಒಂಚೂರು ಚಿನ್ನ. 1925ರ ಬ್ಯಾಟಲ್‌ಶಿಪ್ ಪೊಟೆಮ್ಕಿನ್ ಚಿತ್ರದಲ್ಲಿ ಹಡಗಿನ ಮೇಲೆ ಏರುವ ಬಾವುಟಕ್ಕೆ ಫ್ರೇಮ್ ಫ್ರೇಮ್‌ಗೂ ಕೈಯಲ್ಲೇ ಕೆಂಪು ಹಚ್ಚಿದ್ದರು. ಅಲ್ಲಿ ಬಾವುಟ ಕೆಂಪಾಗಲೇಬೇಕಿತ್ತು, ಕಥೆಯೇ ಅದು. ನಿಮ್ಮ ಸೈಕಲ್ ಯಾಕೆ ನೀಲಿ ಉಳಿಯಬೇಕು? ಇದಕ್ಕೆ ಉತ್ತರ ಇದ್ದರೆ ಮಾಡಿ.

ಇನ್ನೊಂದು. ಸ್ಪರ್ಧೆಗೆ ಕಳಿಸುವ ಯೋಚನೆ ಇದ್ದರೆ ಮೋನೋಕ್ರೋಮ್ ವಿಭಾಗಕ್ಕೆ ಕಳಿಸಬೇಡಿ. ನಾನು ಒಮ್ಮೆ ಕಳಿಸಿ ಮುಖಭಂಗ ಆಯಿತು. ಅಂತಾರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟ ಫಿಯಾಪ್‌ನ ವ್ಯಾಖ್ಯೆಯಲ್ಲಿ ಇದು ಸ್ಪಷ್ಟ ಇದೆ. ಪೂರ್ತಿ ಚಿತ್ರಕ್ಕೆ ಒಂದೇ ಛಾಯೆ ಕೊಟ್ಟರೆ ಅದು ಕಪ್ಪು-ಬಿಳುಪೇ. ಒಂದು ಭಾಗಕ್ಕೆ ಮಾತ್ರ ಬಣ್ಣ ಇದ್ದರೆ ಅದು ಬಣ್ಣದ ಚಿತ್ರ. ಇನ್ನು ಸುದ್ದಿಚಿತ್ರದಲ್ಲಿ ಈ ಆಟ ಬೇಡವೇ ಬೇಡ.

ಮಸುಕು_ಫೋಕಸ್

ಸ್ಪರ್ಧೆ ಏನಿಲ್ಲ ಸರ್. ಸೈಕಲ್ ನಮ್ಮಪ್ಪನದ್ದು. ಮೂವತ್ತು ವರ್ಷ ಓಡಿಸಿ, ಈಗ ತಮ್ಮನಿಗೆ ಕೊಟ್ಟರು. ಹಳೇ ತುಕ್ಕು ಉಜ್ಜಿ ತಮ್ಮನೇ ಆ ನೀಲಿ ಬಳಿದ. ಅದಕ್ಕೆ.

ಹಳೇಕ್ಯಾಮೆರಾ

ಸರಿ. ಪ್ರಶ್ನೆ ವಾಪಸ್ ತೆಗೆದುಕೊಂಡೆ.

ಅರೆಬಣ್ಣ

ನೀಲಿ ಆರಿಸಿದ್ದಕ್ಕೆ ನನ್ನ ಕಡೆಯಿಂದ ಒಂದು ಥ್ಯಾಂಕ್ಸ್. ನನಗೆ ಕೆಂಪು-ಹಸಿರು ಬಣ್ಣಗುರುಡು. ಕೆಂಪು ಮಂಕಾಗಿ, ಕಂದು-ಕಪ್ಪಿನ ಥರ ಕಾಣುತ್ತದೆ. ಎಲ್ಲರೂ ಆಹಾ ಅನ್ನುವ ಆ ಕೆಂಪು ಗುಲಾಬಿ ಫೋಟೋಗಳು ನನಗೆ ಸುಮ್ನೆ ಕಪ್ಪು-ಬಿಳುಪು ಫೋಟೋ. ಏನು ನೋಡಬೇಕು ಅಂತ ಯಾರಾದರೂ ತೋರಿಸಬೇಕು. ನೀಲಿ, ಹಳದಿ ಆದರೆ ಚೆನ್ನಾಗಿ ಗೊತ್ತಾಗುತ್ತದೆ. ಕೆಂಪೇ ಬೇಕು ಅನ್ನುವವರು ಆ ವಸ್ತುವಿನ ಸುತ್ತ ಬೂದನ್ನು ಸ್ವಲ್ಪ ಬೆಳ್ಳಗೆ ಮಾಡಿ. ಬಣ್ಣ ಕಾಣದಿದ್ದರೂ ಆಕಾರ ಎದ್ದು ಬರುತ್ತದೆ.

ರಾತ್ರಿಪಾಳಿ

ನಾನು ಕೆಂಪು ಛತ್ರಿ ಫೋಟೋ ಮಾಡುತ್ತಿದ್ದೇನೆ, ಹಾಗಾಗಿ ಕೇಳುತ್ತೇನೆ. ಛತ್ರಿ ಹತ್ತಿರದ ಬೂದು ಹಸಿರುಗಟ್ಟಿದ ಹಾಗೆ ಕಾಣುತ್ತದೆ. ಬಣ್ಣ ಅಳೆಯುವ ಐಡ್ರಾಪರ್ ಇಟ್ಟು ನೋಡಿದರೆ ಮೂರೂ ಸಂಖ್ಯೆ ಒಂದೇ, 140, 140, 140. ಹಸಿರು ಇಲ್ಲವೇ ಇಲ್ಲ. ಮಾನಿಟರ್ ತೊಂದರೆಯಾ?

ಬೂದುಬಣ್ಣ

ಮಾನಿಟರ್ ಬಿಟ್ಟುಬಿಡಿ, ಎಲ್ಲರ ಕಣ್ಣೂ ಹೀಗೇ. ಪ್ಯಾರಿಸ್ಸಿನ ಗೋಬೆಲಿನ್ಸ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗಕ್ಕೆ ಶೆವ್ರಲ್ ಅನ್ನುವ ರಸಾಯನ ವಿಜ್ಞಾನಿ ಮುಖ್ಯಸ್ಥರಾಗಿದ್ದರು. ಕಪ್ಪು ನೂಲು ಸರಿ ಕಪ್ಪಾಗಿಲ್ಲ ಅಂತ ದೂರು ಬಂತು. ಪರೀಕ್ಷೆ ಮಾಡಿದರೆ ಬಣ್ಣದಲ್ಲಿ ದೋಷ ಇಲ್ಲ. ಪಕ್ಕದಲ್ಲಿ ನೇಯ್ದ ಬೇರೆ ಬಣ್ಣದಿಂದ ಕಪ್ಪು ಹಾಗೆ ಕಾಣುತ್ತಿತ್ತು. ಅದರ ಬಗ್ಗೆಯೇ 1839ರಲ್ಲಿ ದೊಡ್ಡ ಪುಸ್ತಕ ತಂದರು. ಗಾಢ ಬಣ್ಣದ ಪಕ್ಕ ಬೂದು ಇಟ್ಟರೆ ಕಣ್ಣು ಅದಕ್ಕೆ ಎದುರು ಬಣ್ಣ ಬಳಿಯುತ್ತದೆ. ಕೆಂಪಿನ ಪಕ್ಕ ಹಸಿರು, ನೀಲಿಯ ಪಕ್ಕ ತುಸು ಹಳದಿ.

ನೀವು ಬೂದಿಗೆ ಒಂದೇ ಒಂದು ಚಿಟಿಕೆ ಬೆಚ್ಚಗಿನ ಛಾಯೆ ಕೊಡಿ. 142, 140, 137 ಥರ. ಜೊತೆಗೆ ಛತ್ರಿಯ ಸ್ಯಾಚುರೇಶನ್ ಹತ್ತು-ಹದಿನೈದು ಇಳಿಸಿ. ಬೂದಿನ ನಡುವೆ ಬಣ್ಣ ಇದ್ದದ್ದಕ್ಕಿಂತ ಜಾಸ್ತಿ ಕಿರುಚುತ್ತದೆ.

ಪದರಗಿತ್ತಿ

ಇದಕ್ಕೆ ನನ್ನದೊಂದು ಸೇರ್ಪಡೆ. ಹಿನ್ನೆಲೆಯನ್ನು -100 ಮಾಡಲೇಬೇಕು ಅಂತ ಯಾರೂ ಬರೆದಿಟ್ಟಿಲ್ಲ. ಕಪ್ಪು-ಬಿಳುಪು ಲೇಯರ್‌ನ ಒಪಾಸಿಟಿ (ಕೆಳಗಿನದನ್ನು ಮುಚ್ಚುವ ಪ್ರಮಾಣ) 85ಕ್ಕೆ ಇಳಿಸಿ ನೋಡಿ. ಮಾಸಿದ ಜೀನ್ಸ್, ಮಾಸಿದ ನೀಲಿ ನೆರಳು, ಬಣ್ಣ ಇದೆಯೋ ಇಲ್ಲವೋ ಅನ್ನುವ ಹಾಗೆ. ಟ್ರಿಕ್ ಮಾಡಿದ್ದಾರೆ ಅಂತ ಯಾರಿಗೂ ಥಟ್ಟನೆ ಹೊಳೆಯಲ್ಲ.

ಮಸುಕು_ಫೋಕಸ್

ಮುಗಿಸಿದೆ! ಮೂಲ ಫೈಲ್ ತರಿಸಿದೆ, ಅಂಚು ಎಷ್ಟು ಚೊಕ್ಕವಾಗಿದೆ ಅಂದರೆ ಮೊದಲಿನದನ್ನು ನೋಡಲು ನಾಚಿಕೆ ಆಗುತ್ತದೆ. ನಾಲ್ಕು ಬಣ್ಣ ಎಳೆದು, ಸೈಕಲ್ ಸುತ್ತ ದಪ್ಪ ಬ್ರಶ್‌ನಲ್ಲಿ ಬಳಿದೆ. ಎರಡು ಗಂಟೆ ಅಲ್ಲ, ಇಪ್ಪತ್ತು ನಿಮಿಷ. ಮೋನೋ ಮಿಕ್ಸರ್‌ನಲ್ಲಿ ನೀಲಿ ಸ್ವಲ್ಪ ಏರಿಸಿದೆ, ಅದಕ್ಕಿಂತ ಮೇಲೆ ಹೋದರೆ ಗೋಡೆ ಮೇಲೆ ಮರಳು ಎರಚಿದ ಹಾಗಾಯಿತು. ಕಪ್ಪು ಗೆರೆ ಹೋಯಿತು. ತಮ್ಮನ ಮುಖಕ್ಕೆ ಬೇರೆ ಲೇಯರ್. ಬಿಂಬಕ್ಕೆ ಅರ್ಧ ಬಣ್ಣ ಬಿಟ್ಟೆ. ಒಪಾಸಿಟಿ 88.

ಸೋತದ್ದು ಒಂದೇ ಕಡೆ. ಹಿಂದಿನ ಚಕ್ರದ ಮಡ್‌ಗಾರ್ಡ್ ಜೀನ್ಸಿಗೆ ತಾಗುವ ಜಾಗ. ಎರಡೂ ನೀಲಿ, ಎರಡೂ ಮಸುಕು. ಮೆತ್ತನೆಯ ಬ್ರಶ್‌ನಲ್ಲಿ ಮೂರು ಸಲ ಬಳಿದೆ, ಪ್ರತಿ ಸಲ ಅಂಚು ಬೇರೆ ಕಡೆ ಬರುತ್ತದೆ.

ಪದರಗಿತ್ತಿ

ಅಲ್ಲಿ ಬ್ರಶ್ ಬೇಡ. ಪಾಥ್ ಟೂಲ್‌ನಿಂದ ಮಡ್‌ಗಾರ್ಡಿನ ವಕ್ರರೇಖೆ ಎಳೆಯಿರಿ, ಮೂರೇ ಚುಕ್ಕೆ ಸಾಕು. ಮಡ್‌ಗಾರ್ಡ್ ವೃತ್ತದ ತುಂಡು, ಕಾಣುವ ಕಡೆಯಿಂದ ಕಾಣದ ಕಡೆಗೆ ಗೆರೆ ತಾನಾಗಿ ಮುಂದುವರಿಯುತ್ತದೆ. ಪಾಥನ್ನು ಸೆಲೆಕ್ಷನ್ ಮಾಡಿ, ಎರಡು ಪಿಕ್ಸೆಲ್ ಫೆದರ್ ಕೊಟ್ಟು (ಅಂಚು ಮೆತ್ತಗೆ ಮಾಡಿ), ಮಾಸ್ಕ್ ಮೇಲೆ ತುಂಬಿ. ಲೇಯರ್ ಸಮೇತ ಉಳಿಸುವ ಗಿಂಪ್‌ನ ಎಕ್ಸ್‌ಸಿಎಫ್ ಫೈಲ್ ಆಗಿ ಸೇವ್ ಮಾಡಿದ್ದೀರಿ ತಾನೆ? ಬರೀ ಜೆಪೆಗ್ ಮಾಡಿ ಲೇಯರ್ ಕಳೆದುಕೊಂಡರೆ ನಾನು ಮಾತು ಬಿಡುತ್ತೇನೆ.

ಮಸುಕು_ಫೋಕಸ್

ಎಕ್ಸ್‌ಸಿಎಫ್ ಇದೆ ಮೇಡಂ, ಎರಡು ಕಡೆ ಇದೆ. ಪಾಥ್ ಕೆಲಸ ಮಾಡಿತು. ಹೊಸದು ಹಾಕಿದ್ದೇನೆ ನೋಡಿ.

ಹಳೇಕ್ಯಾಮೆರಾ

ನೋಡಿದೆ. ಚೆನ್ನಾಗಿದೆ. ಆಲ್ಬಮ್ ಗುಲಾಬಿಯ ಥರ ಇಲ್ಲ. ತಮ್ಮನ ಬಲಗೈ ಹೆಬ್ಬೆರಳ ಮೇಲೆ ಒಂದು ಚುಕ್ಕೆ ನೀಲಿ ಉಳಿದಿದೆ, ಒರೆಸಿಬಿಡಿ.

ಮಸುಕು_ಫೋಕಸ್

ಅದು ಎಡಿಟ್ ಮಾಡುವಾಗ ಉಳಿದದ್ದಲ್ಲ ಸರ್. ಬಳಿದ ಪೇಂಟ್ ಇನ್ನೂ ಹೋಗಿರಲಿಲ್ಲ ಅವನಿಗೆ.